ಮಧ್ಯಾಹ್ನ ಒಂದರಿಂದ ಎರಡರವರೆಗೆ

ರುದ್ರಪ್ಪನವರ ಕಿವಿ ಚೆನ್ನಾಗಿತ್ತು. ಅದು ಕೆಟ್ಟಿದೆ ಎಂದು ಅವರನ್ನು ನಂಬಿಸಿದವನು ನಾನು. ಒಂದೇ ಒಂದು ಮಾತಿನಲ್ಲಿ ನಂಬಿಸಿದೆ. ಆ ಮಾತು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಏಳು ವರ್ಷಗಳಿಂದ ಇದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ದೇವರ ಮುಂದೆ ನಿಂತಾಗಲೂ, ಅವನಿಗೆ ಹೇಗೂ ಗೊತ್ತಿದೆಯಲ್ಲ, ಮತ್ತೆ ಹೇಳುವುದೇನು ಎಂದು ಜಾಣತನದಿಂದ ದಾಟಿಸಿಬಿಡುತ್ತಿದ್ದೆ. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಜಾತಿ ನನ್ನದು. ಇಷ್ಟು ವರ್ಷ ಕುಡಿದೆ. ಹೋದ ಭಾನುವಾರ ನಡೆದದ್ದಾದ ಮೇಲೆ ಇನ್ನು ಆಗುವುದಿಲ್ಲ.

ನಾನು ಒಂದು ರೇಡಿಯೋ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತನಾದವನು. ಮನೆ ಮಲ್ಲೇಶ್ವರದಲ್ಲಿ. ಹೆಸರು ಶ್ರೀನಿವಾಸ, ರುದ್ರಪ್ಪನವರ ಬಾಯಲ್ಲಿ ಸೀನು. ಅವರು ನನಗಿಂತ ಹದಿನಾಲ್ಕು ವರ್ಷ ದೊಡ್ಡವರು, ನಾನು ರುದ್ರಣ್ಣ ಎಂದೇ ಕರೆಯುವುದು. ಓಕಳಿಪುರದಲ್ಲಿ, ರೈಲು ಹಳಿಗಳಿಗೆ ಬೆನ್ನು ಕೊಟ್ಟು ನಿಂತ ಒಂದು ವಠಾರದಲ್ಲಿ ಅವರ ಮನೆ. ಆ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿಯಾಗಿತ್ತು — ರೇಡಿಯೋ ರಿಪೇರಿ ಅಂಗಡಿ. ಅಣ್ಣತಮ್ಮಂದಿರೆಲ್ಲ ಪೇಟೆಯಲ್ಲಿ ಪಾತ್ರೆ ವ್ಯಾಪಾರ ಹಿಡಿದರೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬೆಳಗಿನ ಪೂಜೆ ಮುಗಿಸಿ ಇವರೊಬ್ಬರೇ ಬೆಸುಗೆಯ ಹೊಗೆಯಲ್ಲಿ ಕೂತರು. ನಾನು ಶೇಷಾದ್ರಿಪುರದಲ್ಲಿ ಡಿಪ್ಲೊಮಾ ಓದುತ್ತಿದ್ದಾಗ ಸಂಜೆ ಹೊತ್ತು ಅವರ ಹತ್ತಿರ ಕೆಲಸ ಕಲಿಯಲು ಹೋಗುತ್ತಿದ್ದೆ. ಕಾಲೇಜಿನಲ್ಲಿ ಕಲಿತದ್ದು ಪರೀಕ್ಷೆಗಾಯಿತು, ಅವರ ಹತ್ತಿರ ಕಲಿತದ್ದು ಹೊಟ್ಟೆಗಾಯಿತು.

ಅವರು ಕಲಿಸಿದ ಮೊದಲ ಪಾಠ ಇದು. ಸೆಟ್ಟು ಬಂದ ಕೂಡಲೇ ಬಿಚ್ಚಬಾರದು. "ಮೊದ್ಲು ಕೇಳು, ಆಮೇಲೆ ಬಿಚ್ಚು" ಎನ್ನುತ್ತಿದ್ದರು. ಸ್ಪೀಕರಿನ ಹತ್ತಿರ ಕಿವಿಯಿಟ್ಟು, ಕಣ್ಣು ಮುಚ್ಚಿ, ಸ್ಟೇಷನ್ ತೋರಿಸುವ ಮುಳ್ಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುವರು. ಕಂಡೆನ್ಸರ್ ಹೋಗಿದ್ದರೆ ಒಂದು ಥರದ ಗೊರಗೊರ, ಬೆಸುಗೆ ಬಿಟ್ಟಿದ್ದರೆ ಇನ್ನೊಂದು ಥರದ ಚಟಪಟ. ಹತ್ತರಲ್ಲಿ ಒಂಬತ್ತು ಸಲ ಅವರು ಕಣ್ಣು ತೆರೆಯುವ ಹೊತ್ತಿಗೆ ದೋಷ ಎಲ್ಲಿದೆ ಎಂದು ಗೊತ್ತಾಗಿಬಿಟ್ಟಿರುತ್ತಿತ್ತು. ಮೂರು ಜಿಲ್ಲೆಯ ಹಳ್ಳಿಗಳಿಂದ ಜನ ಪ್ಯಾಸೆಂಜರ್ ಗಾಡಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಬಟ್ಟೆಯಲ್ಲಿ ಸುತ್ತಿದ ರೇಡಿಯೋ ಬಗಲಲ್ಲಿ ಹಿಡಿದು ಅವರ ಅಂಗಡಿ ಹುಡುಕಿಕೊಂಡು ಬರುತ್ತಿದ್ದುದು ಆ ಕಿವಿಯನ್ನು ನಂಬಿ.

ಓಕಳಿಪುರದ ಒಂದು ರೂಢಿಯನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಹಳಿಯ ಪಕ್ಕದ ಆ ಮನೆಗಳಲ್ಲಿ ಗಾಡಿ ಹಾದುಹೋಗುವಾಗ ಯಾರೂ ಮಾತಾಡುವುದಿಲ್ಲ. ಬೈಯುತ್ತಿದ್ದವರೂ ಬಾಯಿ ಮುಚ್ಚುತ್ತಾರೆ, ಗಾಡಿ ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಬೈಗುಳ ಮುಂದುವರಿಸುತ್ತಾರೆ. ಹೊಸಬರಿಗೆ ನಗು ಬರುತ್ತದೆ. ರುದ್ರಣ್ಣ ಎಲ್ಲರಿಗಿಂತ ಮೊದಲೇ ಮಾತು ನಿಲ್ಲಿಸುತ್ತಿದ್ದರು. ನಮಗೆ ಇನ್ನೂ ಏನೂ ಕೇಳಿಸಿರುವುದಿಲ್ಲ, ಅವರು ಬೆರಳು ಎತ್ತಿ ಸುಮ್ಮನಾಗಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಗೂಡಿನ ಮೇಲಿನ ಲೋಟಗಳು ನಡುಗುತ್ತಿದ್ದವು.

ಇನ್ನು ನನ್ನ ಕೆಲಸದ ವಿಷಯ. ಹಳ್ಳಿಗಳಿಗೆಂದು ನಡೆಯುವ ಮೀಡಿಯಂ ವೇವ್ ಸ್ಟೇಷನ್ ಎಂದರೆ ಕರೆಂಟು ಕುಡಿಯುವ ಪ್ರಾಣಿ. ಮಾತಿರಲಿ, ಹಾಡಿರಲಿ, ಸುಮ್ಮನಿರಲಿ, ಅದು ಕುಡಿಯುತ್ತಲೇ ಇರುತ್ತದೆ. ಡಿಜಿಟಲ್ ಮಾಡಿದರೆ ಅದರ ಒಂದು ಪಾಲಿನಷ್ಟೇ ಕರೆಂಟಿನಲ್ಲಿ ಅಷ್ಟೇ ದೂರ, ಇನ್ನೂ ಸ್ಪಷ್ಟವಾಗಿ ತಲುಪಬಹುದು. ಒಂದೇ ತೊಡಕು — ಕೇಳಲು ಬೇರೆ ಜಾತಿಯ ಸೆಟ್ಟು ಬೇಕು. ಹಳೆಯ ಸೆಟ್ಟಿನಲ್ಲಿ ಡಿಜಿಟಲ್ ಪ್ರಸಾರ ಬರೀ ಸದ್ದು. ಜೋರಾಗಿ ಮಳೆ ಸುರಿದ ಹಾಗೆ, ಒಂದೇ ಸಮ, ಒಳಗೆ ಮಾತಿಲ್ಲ ಕತೆಯಿಲ್ಲ.

ನಮ್ಮ ಸ್ಟೇಷನ್ನನ್ನು ಡಿಜಿಟಲ್ ಮಾಡುವ ಯೋಜನೆಯ ಟಿಪ್ಪಣಿ ಬರೆದವನು ನಾನೇ. ಕೆಟ್ಟ ಯೋಜನೆಯಲ್ಲ ಅದು — ಇದನ್ನೂ ಹೇಳಬೇಕು, ಇಲ್ಲದಿದ್ದರೆ ಇನ್ನೊಂದು ಸುಳ್ಳಾಗುತ್ತದೆ. ಕರೆಂಟಿನ ಖರ್ಚು ಇಳಿಸದಿದ್ದರೆ ಸ್ಟೇಷನ್ನೇ ಮುಚ್ಚುವ ಮಾತು ನಡೆದಿತ್ತು. ಪೂರ್ತಿ ಬದಲಾಯಿಸುವ ಮೊದಲು ಮೂರು ತಿಂಗಳು ಪ್ರಯೋಗ: ದಿನಾ ಮಧ್ಯಾಹ್ನ ಒಂದರಿಂದ ಎರಡರವರೆಗೆ ಬರೀ ಡಿಜಿಟಲ್, ಉಳಿದ ಹೊತ್ತು ಮಾಮೂಲಿನಂತೆ. ಆ ಒಂದು ಗಂಟೆಯಲ್ಲಿ ಎಷ್ಟು ಜನ ಕೇಳುಗರಿಂದ ದೂರು ಬರುತ್ತದೆ ನೋಡುವುದು. ದೂರು ಬರದಿದ್ದರೆ, ಹಳೆಯ ಸೆಟ್ಟಿನ ಕೇಳುಗರು ಹೆಚ್ಚು ಉಳಿದಿಲ್ಲ ಎಂದು ಅರ್ಥ. ಪ್ರಯೋಗದ ವಿಷಯ ರೇಡಿಯೋದಲ್ಲಿ ಮೊದಲೇ ಹೇಳಬಾರದು, ಹೇಳಿದರೆ ಸುಮ್ಮನೆ ಇರುವವರೂ ದೂರು ಬರೆಯುತ್ತಾರೆ — ಈ ಸಾಲು ಮೇಲಿನವರು ಸೇರಿಸಿದ್ದಲ್ಲ. ನನ್ನದು. ಸಭೆಯಲ್ಲಿ ಅದನ್ನು ಓದಿದಾಗ ಒಳ್ಳೆಯ ಮುಂದಾಲೋಚನೆ ಎಂದರು. ನಾನು ಹಿಗ್ಗಿದೆ.

ದೂರು ಬರಲಿಲ್ಲ. ಎರಡು ತಿಂಗಳಾದರೂ ಒಂದು ಕಾರ್ಡಿಲ್ಲ, ಒಂದು ಫೋನಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಸಮಾಧಾನ. ನಮಗೆ ಯಾರಿಗೂ ಹೊಳೆಯದ ವಿಷಯ ಏನೆಂದರೆ, ಅಥವಾ ಹೊಳೆದರೂ ನಾವು ಬಾಯಿ ಬಿಡದ ವಿಷಯ — ನಮ್ಮ ಹಳ್ಳಿಯ ಜನ ಸ್ಟೇಷನ್ನಿನ ಮೇಲೆ ದೂರು ಹೇಳುವುದಿಲ್ಲ. ರೇಡಿಯೋ ಮಾತಾಡಲಿಲ್ಲವೆಂದರೆ ತಮ್ಮ ಸೆಟ್ಟೇ ಕೆಟ್ಟಿತು ಎಂದುಕೊಳ್ಳುತ್ತಾರೆ. ಅದರ ತಲೆಗೆ ಎರಡು ತಟ್ಟುತ್ತಾರೆ, ಸೆಲ್ಲು ತೆಗೆದು ಬಿಸಿಲಿಗಿಡುತ್ತಾರೆ, ಆಗಲೂ ಆಗದಿದ್ದರೆ ಬಟ್ಟೆಯಲ್ಲಿ ಸುತ್ತಿಕೊಂಡು ಗಾಡಿ ಹತ್ತುತ್ತಾರೆ. ದೂರುಗಳು ಬಂದಿದ್ದವು. ನಮ್ಮ ಆಫೀಸಿಗೆ ಬರಲಿಲ್ಲ, ಓಕಳಿಪುರಕ್ಕೆ ಬಂದವು.

ಒಂದು ಸಂಜೆ ಕಾಫಿಗೆಂದು ಹೋದಾಗ ರುದ್ರಣ್ಣನ ಗೂಡಿನ ತುಂಬ ಸೆಟ್ಟುಗಳು. ಬಾಗಿಲಲ್ಲಿ ಒಬ್ಬ ಹೆಂಗಸು ಕೂತಿದ್ದಳು, ಹೆಸರು ಮುನಿಯಮ್ಮ. ಹಳೇ ಸೀರೆಯ ತುಂಡಿನಿಂದ ರೇಡಿಯೋ ಬಿಚ್ಚುತ್ತ ಹೇಳುತ್ತಿದ್ದಳು: "ಬೆಳಿಗ್ಗೆ ಚಂದಾಗ್ ಆಡ್ತದೆ ಸಾಮಿ. ಮಧ್ಯಾನ ಆತು ಅಂದ್ರೆ ಬರೀ ಮಳೆ ಹುಯ್ದಂಗೆ. ನಮ್ ಯಜಮಾನ್ರು ಸೊಂಟ ಮುರ್ಕೊಂಡು ಮಲ್ಗವ್ರೆ. ನಾನ್ ಕೂಲಿಗ್ ಹೋದ್ರೆ ಅವ್ರ್ ಜೊತೆಗಿರೋದು ಇದೊಂದೇಯ. ಸರಿ ಮಾಡ್ಕೊಡಿ, ನಿಮ್ ಕೈಗ್ ಬಂದ್ರೆ ಸರಿಯಾಗ್ತದೆ ಅಂತ ಊರೋರೆಲ್ಲ ಹೇಳವ್ರೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಕಾಫಿ ಕುಡಿದೆ. ಆಕೆ ಹೋದ ಮೇಲೆ ರುದ್ರಣ್ಣ ನನ್ನ ಕಡೆ ತಿರುಗಿದರು.

"ಇದು ಹತ್ತೊಂಬತ್ತನೇದು ಸೀನು. ಎಲ್ಲಾದ್ರದ್ದೂ ಒಂದೇ ಕಂಪ್ಲೇಂಟು. ಬೇರೆ ಸ್ಟೇಷನ್ ಹಾಕಿದ್ರೆ ಗಂಟೆ ಹೊಡ್ದಂಗ್ ಬರುತ್ತೆ. ನಿಮ್ಮಲ್ಲೇನಾದ್ರೂ ಬದಲಾಯಿಸಿದ್ದೀರಾ?"

ಎಷ್ಟು ನೇರವಾಗಿ ಮುಟ್ಟಿದ್ದರು ನೋಡಿ. ಒಬ್ಬರೇ ಕೂತು, ಕೇಳಿ ಕೇಳಿ, ದೋಷ ಎಲ್ಲಿದೆ ಎಂದು ಕಂಡುಹಿಡಿದಿದ್ದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೌದು ಎಂದರೆ ಅವರು ಸುಮ್ಮನಿರುವವರಲ್ಲ. ಹತ್ತೊಂಬತ್ತು ಜನಕ್ಕೂ ಕಾರ್ಡು ಕೊಟ್ಟು, ತಾವೇ ವಿಳಾಸ ಬರೆದು, ಬರೀರಪ್ಪಾ ಸ್ಟೇಷನ್ನಿಗೆ ಎನ್ನುವವರು. ಹತ್ತೊಂಬತ್ತು ಇನ್ನೂರಾಗುತ್ತಿತ್ತು. ನನ್ನ ಟಿಪ್ಪಣಿ, ನನ್ನ ಮುಂದಾಲೋಚನೆ, ನಿವೃತ್ತಿಗೆ ಮುಂಚೆ ಒಂದು ದೊಡ್ಡ ಕೆಲಸ ಮಾಡಿದೆ ಎನ್ನುವ ನನ್ನ —

"ಇಲ್ವಲ್ಲ ರುದ್ರಣ್ಣ. ಎಲ್ಲ ಮಾಮೂಲಿನ ಹಾಗೇ ಇದೆ," ಎಂದೆ.

ಅಲ್ಲಿಗೆ ನಿಂತಿದ್ದರೂ ಅದೊಂದು ಆಫೀಸಿನ ಸುಳ್ಳಾಗಿ ಉಳಿಯುತ್ತಿತ್ತು. ಅವರು ಬಿಡಲಿಲ್ಲ. "ನಾಳೆ ಮಧ್ಯಾಹ್ನ ಬಂದ್ಬಿಡು. ನೀನೇ ಒಂದ್ಸಲ ಕೇಳು," ಎಂದರು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಗೌರಕ್ಕ, ರುದ್ರಣ್ಣನ ಹೆಂಡತಿ, ಚಾಮರಾಜಪೇಟೆಗೆ ತಂಗಿಯ ಮನೆಗೆ ಹೋಗಿದ್ದರು. ಅಂಗಡಿಯಲ್ಲಿ ನಾವಿಬ್ಬರೇ. ಒಂದು ಗಂಟೆ ಹೊಡೆದು ಹತ್ತು ನಿಮಿಷವಾಗಿರಬೇಕು. ಮುನಿಯಮ್ಮನ ಸೆಟ್ಟನ್ನು ಮೇಜಿನ ಮೇಲಿಟ್ಟು ಹಾಕಿದರು. ಮಳೆ ಸುರಿಯಿತು.

"ಕೇಳು," ಎಂದರು.

ನಾನು ಬಗ್ಗಿದೆ. ಅವರು ಕಲಿಸಿದ ಹಾಗೆಯೇ ಸ್ಪೀಕರಿನ ಹತ್ತಿರ ಕಿವಿಯಿಟ್ಟೆ, ಅವರು ಕಲಿಸಿದ ಹಾಗೆಯೇ ಕಣ್ಣು ಮುಚ್ಚಿದೆ. ನಿನ್ನೆಯ ಸುಳ್ಳು ಬೆನ್ನ ಹಿಂದೆ ನಿಂತಿತ್ತು. ಇದು ಡಿಜಿಟಲ್ ಸದ್ದು ರುದ್ರಣ್ಣ ಎಂದರೆ, ನಿನ್ನೆ ಯಾಕೆ ಇಲ್ಲ ಎಂದೆ ಎಂದು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ, ಬರೀ ಆ ಮುಖಭಂಗಕ್ಕೆ ಹೆದರಿ —

"ಕೇಳ್ತಿದೆಯಲ್ಲ," ಎಂದೆ. "ಮಧ್ಯಾಹ್ನದ ಹೊತ್ತು ಮೀಡಿಯಂ ವೇವ್ ಸ್ವಲ್ಪ ಇಳಿಯುತ್ತೆ, ನಿಮ್ಗೇ ಗೊತ್ತು. ಸದ್ದು ಜಾಸ್ತಿ ಇದೆ. ಆದ್ರೆ ಒಳಗೆ ಮಾತು ಕೇಳ್ತಿದೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋದರ ಬಗ್ಗೆ ಹೇಳ್ತಿದಾರೆ."

ರುದ್ರಣ್ಣ ನನ್ನ ಮುಖ ನೋಡಿದರು. "ಯಾರು? ಗಂಡಸಾ, ಹೆಂಗಸಾ?"

"ಹೆಂಗಸು."

ನನಗೆ ಅವತ್ತಿನ ಕಾರ್ಯಕ್ರಮದ ಪಟ್ಟಿ ಬಾಯಿಪಾಠವಾಗಿತ್ತು. ರೇಷ್ಮೆ ಹುಳವೂ ನಿಜ, ಹೆಂಗಸೂ ನಿಜ. ಆ ಸೆಟ್ಟಿನಲ್ಲಿ ಅದು ಕೇಳಿಸಿತು ಎಂಬುದೊಂದೇ ಸುಳ್ಳು.

ಅವರು ಮತ್ತೆ ಬಗ್ಗಿದರು. ಎಷ್ಟು ಹೊತ್ತು ಬಗ್ಗಿದ್ದರು! ಒಂದು ಕಿವಿ ಇಟ್ಟರು, ಆಮೇಲೆ ಇನ್ನೊಂದು ಕಿವಿ ಇಟ್ಟರು. ಕಣ್ಣು ಗಟ್ಟಿಯಾಗಿ ಮುಚ್ಚಿದ್ದರಿಂದ ವಿಭೂತಿಯ ಗೆರೆಗಳೆಲ್ಲ ಮುದುಡಿಕೊಂಡಿದ್ದವು. ಕೊನೆಗೆ ಎದ್ದು ಸೆಟ್ಟು ಆಫ್ ಮಾಡಿದರು.

"ನಂಗೆ ಬರೀ ಮಳೆ ಸದ್ದು ಸೀನು," ಎಂದರು. ದನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಗಾಡಿ ಬಂತು. ರೂಢಿಯ ಪ್ರಕಾರ ಇಬ್ಬರೂ ಸುಮ್ಮನಾದೆವು. ಉದ್ದದ ಗಾಡಿ, ಡಬ್ಬಿ ಮೇಲೆ ಡಬ್ಬಿ ಹೋಗುತ್ತಲೇ ಇತ್ತು. ಅಷ್ಟು ಹೊತ್ತೂ ಅವರು ತಮ್ಮ ಕೈಗಳನ್ನು ನೋಡುತ್ತ ಕೂತಿದ್ದರು, ನಾನು ಅವರನ್ನು ನೋಡುತ್ತ ಕೂತಿದ್ದೆ. ಮನಸ್ಸು ಬದಲಾಯಿಸಲು ಒಬ್ಬ ಮನುಷ್ಯನಿಗೆ ಬೇಕಾದಷ್ಟು ಸಮಯವಿತ್ತು. ಗಾಡಿ ಹೋದ ಮೇಲೆ ಬಿಟ್ಟ ಮಾತನ್ನು ಮುಂದುವರಿಸುವುದು ಅಲ್ಲಿನ ರೂಢಿ. ನಾನು ಚಪ್ಪಲಿ ಹಾಕಿಕೊಂಡು ಆಫೀಸಿಗೆ ಹೊತ್ತಾಯಿತು ಎಂದೆ.

ಮೂರನೇ ತಿಂಗಳ ಕೊನೆಗೆ ವರದಿ ಕೊಟ್ಟೆ. "ಕೇಳುಗರ ದೂರುಗಳು: ಇಲ್ಲ." ನನ್ನ ಸಹಿ. ಯೋಜನೆಗೆ ಒಪ್ಪಿಗೆ ಸಿಕ್ಕಿತು.

ರುದ್ರಣ್ಣ ಆ ಹತ್ತೊಂಬತ್ತರಲ್ಲಿ ಹದಿನೆಂಟು ಸೆಟ್ಟುಗಳನ್ನು ಒಂದೊಂದಾಗಿ ಹಿಂತಿರುಗಿಸಿದರು. ಬಂದವರಿಗೆಲ್ಲ ಕೈ ಮುಗಿದು, "ಸೆಟ್ಟು ಸರಿಯಾಗಿದೆ, ನನ್ನ ಕಿವಿ ಸರಿಯಾಗಿಲ್ಲ. ಬೇರೆಯವರ ಹತ್ರ ತೋರ್ಸಿ," ಎಂದರಂತೆ. ಹೀಗೆ ಹೇಳುವ ರಿಪೇರಿಯವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇನ್ನೊಬ್ಬನಾಗಿದ್ದರೆ ಕಂಡೆನ್ಸರ್ ಬದಲಾಯಿಸಿದ ಹಾಗೆ ಮಾಡಿ ಕಳಿಸುತ್ತಿದ್ದ. ಸಾಮಾನ್ಯ ಮನುಷ್ಯನಾಗಿದ್ದರೆ ಹೆಂಡತಿಯನ್ನೋ ಪಕ್ಕದ ಮನೆಯವರನ್ನೋ ಕರೆದು, ನಿಮಗೆ ಕೇಳಿಸುತ್ತದೆಯೇ ನೋಡಿ ಎನ್ನುತ್ತಿದ್ದ. ಅವರು ಯಾರನ್ನೂ ಕೇಳಲಿಲ್ಲ. ಕೇಳಬೇಕಾದವನನ್ನು ಕೇಳಿಯಾಗಿತ್ತಲ್ಲ — ಸ್ಟೇಷನ್ನಿನವನು, ತಾವೇ ತಿದ್ದಿದ ಕಿವಿಯವನು. ಅವತ್ತಿನಿಂದ ಮಧ್ಯಾಹ್ನ ಒಂದು ಗಂಟೆಯಾದರೆ ಅಂಗಡಿಯಲ್ಲಿ ರೇಡಿಯೋ ಹಾಕುವುದನ್ನೇ ಬಿಟ್ಟರು. ಆರು ತಿಂಗಳಲ್ಲಿ ಬೋರ್ಡು ಇಳಿಸಿದರು.

ಮಗ ಸೊಸೆ ಅದೇ ವಠಾರದಲ್ಲಿ, ಮೇಲಿನ ಮನೆಯಲ್ಲಿದ್ದಾರೆ. ಮಗ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ ಎಂದರಂತೆ ಡಾಕ್ಟರು. ರುದ್ರಣ್ಣ ಒಪ್ಪಲಿಲ್ಲ. "ಅವರ ಮಿಷನ್ನಲ್ಲಿ ಬರೀ ಕೀಂ ಅಂತ ಸೀಟಿ. ಅದು ಯಾರಿಗ್ ಬೇಕಾದ್ರೂ ಕೇಳುತ್ತೆ. ಗದ್ದಲದೊಳಗಿರೋ ಮಾತು ಹೆಕ್ಕೋದು ಕಿವಿ. ಅದು ಹೋಗಿದೆ ನಂಗೆ," ಎಂದರು. ಸೋಮವಾರದ ಭಜನೆಗೆ ಶ್ರುತಿ ಹಿಡಿದುಕೊಡುತ್ತಿದ್ದವರು ಅದನ್ನೂ ನಿಲ್ಲಿಸಿದರು. ಅಪಸ್ವರ ಬಂದರೂ ನನಗೆ ತಿಳಿಯುವುದಿಲ್ಲ, ನಾನು ಕೂರುವುದು ಸರಿಯಲ್ಲ ಎಂದರಂತೆ.

ಆಮೇಲೆ ಒಂದು ಪೆಟ್ಟಿಗೆ ಮಾಡಿಕೊಂಡರು. ಹಳೆಯ ಸೆಟ್ಟುಗಳಿಂದ ಬಿಚ್ಚಿದ ಸಾಮಾನಿನಿಂದಲೇ, ಅಂಗಿ ಜೇಬಿನಲ್ಲಿ ಕೂರುವಂಥ ಸಣ್ಣ ಪೆಟ್ಟಿಗೆ. ಮೈಕು ಒಂದು ಕಡೆ, ವಯರು ಕಿವಿಗೆ, ಪಕ್ಕದಲ್ಲಿ ವಾಲ್ಯೂಮಿನ ತಿರುಪು. ಎಷ್ಟು ಚೊಕ್ಕಟವಾದ ಬೆಸುಗೆ! ಅವರು ಮಾಡಿದ ಕೊನೆಯ ಕೆಲಸ ಅದು. ಚೆನ್ನಾಗಿ ಕೇಳುವ ಕಿವಿಗೆ ಆ ಪೆಟ್ಟಿಗೆ ಹಾಕಿಕೊಂಡು, ವಾಲ್ಯೂಮು ಪೂರ್ತಿ ಏರಿಸಿ ಕೂರತೊಡಗಿದರು.

ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ನಿವೃತ್ತನಾದ ಮೇಲೂ ತಪ್ಪಿಸಲಿಲ್ಲ. ಮಲ್ಲೇಶ್ವರದಿಂದ ಶೇಷಾದ್ರಿಪುರ ಹಾದು ನಡೆದೇ ಹೋಗಿ, ಅವರ ಎದುರು ಕೂತು, ಆ ಪೆಟ್ಟಿಗೆಯ ಮೈಕಿಗೆ ಬಾಯಿ ಕೊಟ್ಟು ಜೋರಾಗಿ ಮಾತಾಡುತ್ತಿದ್ದೆ. "ಎಷ್ಟು ಪ್ರೀತಿ ಇಟ್ಕೊಂಡಿದೀರಿ ಅವ್ರ ಮೇಲೆ," ಎಂದು ಗೌರಕ್ಕ ಇನ್ನೊಂದು ಲೋಟ ಕಾಫಿ ಕೊಡುತ್ತಿದ್ದರು. ಕುಡಿಯುತ್ತಿದ್ದೆ. ಜೋರು ದನಿ ಬೇಕಿಲ್ಲ ಎಂದು ನನಗೆ ಗೊತ್ತಿತ್ತು. ಹೇಗೆಂದರೆ, ನನಗೆ ಇನ್ನೂ ಗಾಡಿಯ ಸುಳಿವೇ ಇಲ್ಲದಿರುವಾಗ ಅವರ ಕೈ ತಾನಾಗಿ ಜೇಬಿಗೆ ಹೋಗಿ ವಾಲ್ಯೂಮಿನ ತಿರುಪು ಇಳಿಸುತ್ತಿತ್ತು. ಆಮೇಲೆ ಲೋಟಗಳು ನಡುಗುತ್ತಿದ್ದವು. ಕೈಗೆ ಗೊತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ವಾರವಾರವೂ ನಾನು ಅದನ್ನು ನೋಡುತ್ತಿದ್ದೆ, ಅವರ ಕಿವಿ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ ನನ್ನ ಕಣ್ಣೆದುರಿಗೇ ಬಂದು ಹೋಗುತ್ತಿತ್ತು, ಮತ್ತೆ ನಾನು ಮೈಕಿಗೆ ಬಾಯಿ ಕೊಟ್ಟು ಕೂಗುತ್ತಿದ್ದೆ. ನನ್ನ ತಪ್ಪುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ, ಆ ಮಧ್ಯಾಹ್ನದ ಸುಳ್ಳಿಗಿಂತ ಈ ಭಾನುವಾರಗಳೇ ಎನ್ನುತ್ತೇನೆ. ಸುಳ್ಳು ಹೆದರಿಕೆಯಲ್ಲಿ ಬಾಯಿ ಜಾರಿ ಬಂತು ಎನ್ನಬಹುದು. ಭಾನುವಾರಗಳಿಗೆ ಬಟ್ಟೆ ಬದಲಾಯಿಸಿ, ತಲೆ ಬಾಚಿಕೊಂಡು ಹೋಗುತ್ತಿದ್ದೆ.

ಸ್ಟೇಷನ್ ಪೂರ್ತಿ ಡಿಜಿಟಲ್ ಆದದ್ದು ಪೇಪರಿನಲ್ಲಿ ಬರಲಿಲ್ಲವೇ, ಆಗಲೂ ಅವರಿಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಆ ಹೊತ್ತಿಗೆ ಅವರು ರೇಡಿಯೋ ಎನ್ನುವ ಮಾತೇ ಎತ್ತುತ್ತಿರಲಿಲ್ಲ. ಕಿವಿಗೆ ಬಿದ್ದಿದ್ದರೂ ಏನು? ಆ ಸೆಟ್ಟಿನಲ್ಲಿ ನನಗೆ ಹೆಂಗಸಿನ ದನಿ ಕೇಳಿಸಿತ್ತಲ್ಲ. ಡಿಜಿಟಲ್ ಆಗಿದ್ದರೆ ಸೀನುವಿಗೆ ಹೇಗೆ ಕೇಳಿಸುತ್ತಿತ್ತು? ಎಲ್ಲ ಬಾಗಿಲಿಗೂ ನಾನು ಅವತ್ತೇ ಬೀಗ ಹಾಕಿಬಿಟ್ಟಿದ್ದೆ.

ಮುನಿಯಮ್ಮ ತನ್ನ ಸೆಟ್ಟಿಗೆ ಮರಳಿ ಬರಲೇ ಇಲ್ಲ. ಅದು ಇವತ್ತಿಗೂ ಅದೇ ಸೀರೆಯ ತುಂಡಿನಲ್ಲಿ ಗೂಡಿನ ಮೇಲಿದೆ. ಸೊಂಟ ಮುರಿದುಕೊಂಡು ಮಲಗಿದ್ದ ಆಕೆಯ ಗಂಡ ಆಮೇಲೆ ಮಧ್ಯಾಹ್ನಗಳನ್ನು ಹೇಗೆ ಕಳೆದನೋ. ಯಾವ ಊರು ಎಂದು ಕೂಡ ನಾನು ಕೇಳಲಿಲ್ಲ. ಡಿಜಿಟಲ್ ಸೆಟ್ಟುಗಳು ಅಗ್ಗವಾಗಿ ಹಳ್ಳಿ ಅಂಗಡಿಗೂ ಬರುತ್ತವೆ ಎಂದು ಟಿಪ್ಪಣಿಯಲ್ಲಿ ಬರೆದಿದ್ದೆ. ನಾನು ನೋಡಿದ ಒಂದೇ ಒಂದು ಸೆಟ್ಟು ನನಗೆ ಬೀಳ್ಕೊಡುಗೆಯಲ್ಲಿ ಕೊಟ್ಟದ್ದು. ಮನೆಯ ಶೋಕೇಸಿನಲ್ಲಿದೆ. ಬಹಳ ಸ್ಪಷ್ಟವಾಗಿ ಬರುತ್ತದೆ.

ಈಗ ಹೋದ ಭಾನುವಾರದ ವಿಷಯ.

ರುದ್ರಣ್ಣ ಎಂದಿನಂತೆ ಪೆಟ್ಟಿಗೆ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಮಡಿಸಿದ ಒಂದು ಪೇಪರಿತ್ತು. ಏನೋ ಹೇಳಲು ಶುರುಮಾಡಿದರು. ನಾಲ್ಕು ಮಾತಾಡಿರಬೇಕು, ನನಗೆ ಗಾಡಿ ಕೇಳಿಸಿತು. ಮೊದಲು ನನಗೆ! ನಾನು ಅವರ ಕೈ ನೋಡಿದೆ. ಕೈ ಪೇಪರಿನ ಮೇಲೇ ಇತ್ತು. ಗೂಡಿನ ಲೋಟಗಳು ನಡುಗಿದವು, ಕಿಟಕಿಯ ಸರಳು ನಡುಗಿತು, ಗಾಡಿ ಬೆನ್ನ ಮೇಲೇ ಹೋದಂತೆ ಹೋಗುತ್ತಿತ್ತು — ರುದ್ರಣ್ಣ ಮಾತಾಡುತ್ತಲೇ ಇದ್ದರು. ತುಟಿ ಅಲುಗುತ್ತಿತ್ತು. ಒಂದಕ್ಷರವೂ ನನಗೆ ಕೇಳಿಸುತ್ತಿರಲಿಲ್ಲ. ಎಪ್ಪತ್ತು ವರ್ಷ ಆ ಮನೆಯಲ್ಲಿದ್ದು ಗಾಡಿಗೆ ಮಾತು ನಿಲ್ಲಿಸದೆ ಇದ್ದದ್ದು ಅದೇ ಮೊದಲು.

ನಿಜವಾಗಿಯೂ ಹೋಗಿತ್ತು. ಯಾವಾಗ ಹೋಯಿತೋ, ವಯಸ್ಸಿಗೆ ಹೋಯಿತೋ, ಅಥವಾ ಏಳು ವರ್ಷ ಆ ಪೆಟ್ಟಿಗೆಯಿಂದ ಸುರಿದುಕೊಂಡ ಸದ್ದಿಗೇ — ಅದರೊಳಗೆ ನನ್ನ ಕೂಗಾಟವೂ ಸೇರಿ — ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.

ಗಾಡಿ ದಾಟುವ ಹೊತ್ತಿಗೆ ಅವರ ಮಾತು ಮುಗಿದಿತ್ತು. ನನ್ನ ಮುಖವನ್ನೇ ನೋಡುತ್ತಿದ್ದರು. ಏನೋ ಕೇಳಿದ್ದಾರೆ, ಉತ್ತರಕ್ಕೆ ಕಾಯುತ್ತಿದ್ದಾರೆ ಎಂದು ತಿಳಿಯಿತು. ಏನು ಕೇಳಿದಿರಿ ಎಂದು ಕೇಳುವುದು ಬಿಟ್ಟು, ನಾನು ಹೂಂ ಎಂದು ತಲೆಯಾಡಿಸಿದೆ. ನನ್ನ ಬುದ್ಧಿಯೇ ಅಷ್ಟು. ಅವರು ಪೇಪರನ್ನು ಇನ್ನೊಂದು ಮಡಿಕೆ ಮಡಿಸಿ ಕುರ್ಚಿಯ ಕೆಳಗಿಟ್ಟರು.

ಹೊರಡುವಾಗ ಗೌರಕ್ಕ ಬಾಗಿಲವರೆಗೆ ಬಂದರು.

"ಅಂತೂ ಅವ್ರು ಕೇಳಿದ್ರಾ? ವಾರದಿಂದ ಅದೇ ಧ್ಯಾನ ಅವ್ರಿಗೆ. ಯಾವುದೋ ಪೇಪರಲ್ಲಿ ಬಂದಿತ್ತಂತೆ, ಹಳ್ಳಿ ಸ್ಟೇಷನ್ನೆಲ್ಲ ಡಿಜಿಟಲ್ ಮಾಡಿದಾರೆ, ಹಳೇ ಸೆಟ್ಟಲ್ಲಿ ಬರೀ ಮಳೆ ಸದ್ದು ಬರುತ್ತೆ ಅಂತ. ಸೀನು ಬರ್ಲಿ, ಅವತ್ತು ಮುನಿಯಮ್ಮನ ಸೆಟ್ಟಲ್ಲಿ ನಿಂಗೆ ನಿಜವಾಗ್ಲೂ ಮಾತು ಕೇಳಿಸ್ತಾ ಅಂತ ಒಂದೇ ಒಂದ್ಸಲ ಕೇಳ್ಬಿಡ್ತೀನಿ ಅಂತಿದ್ರು. ಏನಂದ್ರಿ?"

ನಾನು ಚಪ್ಪಲಿ ಹಾಕಿಕೊಂಡೆ. ಮೆಟ್ಟಿಲಿಳಿದೆ. ಒಂದು ಸಲ ಸುಳ್ಳು ಸಾಕ್ಷಿ ಹೇಳಿದವನು ಏಳು ವರ್ಷದ ಮೇಲೆ ಅದೇ ಪ್ರಶ್ನೆಗೆ, ಪ್ರಶ್ನೆಯೇ ಕೇಳಿಸದೆ, ಅದೇ ಸಾಕ್ಷಿಯನ್ನು ಮತ್ತೊಮ್ಮೆ ಹೇಳಿ ಬಂದಿದ್ದೆ. ಆ ಮನುಷ್ಯ ಕೊನೆಗೂ ದೋಷ ಎಲ್ಲಿದೆ ಎಂದು ಎರಡನೇ ಸಲ ಕಂಡುಹಿಡಿದಿದ್ದರು. ಎರಡನೇ ಸಲವೂ ನಾನು ತಲೆಯಾಡಿಸಿ ಅದನ್ನು ಅವರ ಕಿವಿಗೇ ಹೊರಿಸಿಬಂದೆ.

ಈ ಬರಹವನ್ನು ಶುರುಮಾಡಿದಾಗ, ಬರೆದು ಅವರ ಕೈಗೆ ಕೊಟ್ಟುಬಿಡೋಣ ಎಂದಿತ್ತು. ಕಣ್ಣು ಚೆನ್ನಾಗಿದೆ, ಓದಿಕೊಳ್ಳುತ್ತಾರೆ. ಬರೆಯುತ್ತ ಬರೆಯುತ್ತ ನನ್ನ ಹಳೆಯ ಜಾಣತನ ಇದರಲ್ಲೂ ಕಂಡಿತು. ಕಾಗದವಾದರೆ ಸದ್ದಿಲ್ಲದೆ ಮುಗಿಯುತ್ತದೆ. ಅವರು ಓದುತ್ತಾರೆ, ಮಡಿಸುತ್ತಾರೆ, ಕುರ್ಚಿಯ ಕೆಳಗಿಡುತ್ತಾರೆ; ಹೆಂಡತಿಗೂ ತೋರಿಸುವವರಲ್ಲ, ನನ್ನ ಮಾನ ಕಾಯುವ ಮನುಷ್ಯ ಅವರು. ಗೌರಕ್ಕ ಮತ್ತೆ ಕಾಫಿ ಕೊಡುತ್ತಾರೆ. ಬೇಡ.

ಅವರ ಕಿವಿ ಚೆನ್ನಾಗಿದ್ದ ಏಳು ವರ್ಷಗಳಲ್ಲಿ ಯಾವತ್ತಾದರೂ ಪಿಸುಮಾತಿನಲ್ಲಿ ಹೇಳಬಹುದಿತ್ತು. ಪಕ್ಕದಲ್ಲಿ ಕೂತ ಗೌರಕ್ಕನಿಗೂ ತಿಳಿಯದ ಹಾಗೆ ಹೇಳಬಹುದಿತ್ತು. 'ಮಾಡಿದ್ದುಣ್ಣೋ ಮಹರಾಯ' ಅನ್ನುತ್ತಾರೆ. ಈಗ ಅವರಿಗೆ ಕೇಳಿಸಬೇಕಾದರೆ ಗಂಟಲು ಹರಿಯುವ ಹಾಗೆ ಕೂಗಬೇಕು. ಕೂಗಿದರೆ ಗೌರಕ್ಕನಿಗೆ ಕೇಳಿಸುತ್ತದೆ, ಮೇಲಿನ ಮನೆಯ ಮಗ ಸೊಸೆಗೆ ಕೇಳಿಸುತ್ತದೆ, ನಲ್ಲಿಯ ಹತ್ತಿರ ನಿಂತ ವಠಾರದವರಿಗೆಲ್ಲ ಕೇಳಿಸುತ್ತದೆ.

ನಾಳೆ ಭಾನುವಾರ. ಬೆಳಿಗ್ಗೆಯೇ ಹೋಗುತ್ತೇನೆ. ಕಾಫಿ ಕುಡಿಯುವುದಿಲ್ಲ. ಗಾಡಿ ಬಂದರೆ ಪೂರ್ತಿ ಹಾದುಹೋಗುವವರೆಗೂ ಕಾದು, ಅವರ ಮುಂದೆ ಬಗ್ಗಿ, ಬೀದಿಯ ಬಾಗಿಲು ತೆರೆದೇ ಇಟ್ಟು, ಕೂಗಿ ಹೇಳುತ್ತೇನೆ:

ರುದ್ರಣ್ಣ, ಅವತ್ತು ನನಗೇನೂ ಕೇಳಿಸಲಿಲ್ಲ.